ಪುಷ್ಪ ಕೊಟ್ಟ ಬಳ್ಳಿ

ಗುರುವಾರ, ಆಗಸ್ಟ್ 7
ನಾಗಮಂಗಲ

ನಾಳೆ ಬೆಳಿಗ್ಗೆ ಆ ಕೋಶಗಳನ್ನು ಒಡೆಯಬೇಕು. ಮನಸ್ಸೇ ಬರುತ್ತಿಲ್ಲ.

ಪುಷ್ಪ ಎಂಬ ಬಾಣಂತಿ ಹೆರಿಗೆಯಾದ ಮೇಲೆ ನನ್ನ ಸಂಶೋಧನೆಗೆ ಒಪ್ಪಿ ಕೊಟ್ಟಿದ್ದ ಹೊಕ್ಕುಳಬಳ್ಳಿ. ಅದರ ರಕ್ತನಾಳದ ಒಳಗೋಡೆಯಿಂದ ಬಿಡಿಸಿ ಬೆಳೆಸಿದ ಕೋಶಗಳು. ಮೇಲೆ ದ್ರವ ಹರಿಯುತ್ತಿದ್ದರೆ ಅವುಗಳ ಕೆಲವು ಜೀನ್‌ಗಳು ಎಚ್ಚರವಾಗಿರುತ್ತವೆ, ಹರಿವು ನಿಂತರೆ ಮಂಕಾಗುತ್ತವೆ. ಎಷ್ಟು ಎಚ್ಚರ ಎಂದು ಅಳೆಯಬೇಕಾದರೆ ನಾನು ಕೋಶವನ್ನೇ ಒಡೆಯಬೇಕು. ಇಷ್ಟು ವರ್ಷ ಒಡೆದಿದ್ದೇನೆ, ಒಮ್ಮೆಯೂ ಕೈ ತಡೆದಿರಲಿಲ್ಲ.

ಪುಷ್ಪಳ ಮಗು ಭಾನುವಾರ ತೀರಿಕೊಂಡಿತಂತೆ. ಇವತ್ತು ಅವಳ ಅತ್ತೆ ಚಿಕ್ಕಬೋರಮ್ಮ ಕೆ.ಆರ್. ಪೇಟೆಯಿಂದ ಬಸ್ಸು ಹಿಡಿದು ಲ್ಯಾಬಿನ ಬಾಗಿಲಿಗೇ ಬಂದರು.

"ಕೂಸ್ನ ಮಣ್ಣು ಮಾಡ್ಬುಟ್ವಿ ಕಣವ್ವ. ಬಳ್ಳಿ ಉಳ್ದಿದ್ರೆ ಕೊಡು, ಅದ್ರ ಪಕ್ಕದಲ್ಲೇ ಮಡಗ್ತೀವಿ."

ಬಳ್ಳಿ ಉಳಿದಿಲ್ಲ ಎಂದೆ. ಅದು ನಿಜ. ಸುಮ್ಮನಿರಲಾರದೆ, ಅದರ ಕೋಶಗಳು ಬದುಕಿವೆ ಎಂದೂ ಹೇಳಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಮತ್ತೆ ಬಗ್ಗಿ ನೋಡಿದರು.

"ಉಸ್ರಾಡ್ತಾವಾ?"

"ಹೂಂ ಅವ್ವ."

"ಅಂಗಾರೆ ಇಲ್ಲೇ ಇರ್ಲಿ ಬುಡು. ನೀನಿದ್ದೀಯಲ್ಲ ಜೊತೇಲಿ."

ಅವರು ಹೋದ ಮೇಲೆ ನಾನು ಯಾರೊಂದಿಗೂ ಮಾತಾಡಿಲ್ಲ. ನನ್ನ ಪಿಎಚ್.ಡಿ. ಗೈಡಿಗೆ ಹೇಳಿದರೆ ಬೇರೆ ಬಳ್ಳಿ ತರಿಸೋಣ ಎನ್ನುತ್ತಾರೆ, ಅಷ್ಟೆ. ಈ ಬಾಡಿಗೆ ಕೋಣೆಯಲ್ಲಿ ಇನ್ನಾರಿದ್ದಾರೆ? ಮಾಡಿದ ಅನ್ನ ಹಾಗೇ ಆರಿದೆ. ಅಲ್ಲಿ ಲ್ಯಾಬಿನಲ್ಲಿ ಕೋಶಗಳ ಮೇಲೆ ದ್ರವ ಹರಿಸುವ ಪಂಪು ಓಡುತ್ತಿರಬೇಕು, ಅವು ಎಚ್ಚರವಾಗಿರಬೇಕು.

ಜೊತೆಗಿದ್ದೀಯಲ್ಲ ಎಂದು ನನಗೆ ಯಾರಾದರೂ ಹೇಳಿ ಎಷ್ಟು ಕಾಲವಾಯಿತೋ. ಅದಕ್ಕೇ ಇರಬೇಕು, ಹೂಂ ಎಂದು ತಲೆಯಾಡಿಸಿಬಿಟ್ಟೆ. ನಾಳೆ ಒಡೆಯುವವಳೂ ನಾನೇ ಎಂದು ಆಗಲೇ ಅವರಿಗೆ ಹೇಳಬೇಕಿತ್ತು.