ರೂಟರ್ ಹೇಳದ ದಾರಿ

ಫೆಬ್ರವರಿ 24, 2003, ಸೋಮವಾರ

ಕಾಪುವಿನಿಂದ ಉಡುಪಿಗೆ ನಿಂತೇ ಬಂದೆ. ಮಣಿಪಾಲದ ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಇಬ್ಬರು ಕಾಲೇಜು ಹುಡುಗರು ನಿದ್ದೆಯ ನಾಟಕ ಆಡುತ್ತಿದ್ದರು. ಎಬ್ಬಿಸಿದೆ. ಇಡೀ ಬಸ್ಸು ನನ್ನನ್ನೇ ನೋಡಿತು, ತಪ್ಪು ನನ್ನದೆನ್ನುವ ಹಾಗೆ.

ಲ್ಯಾಬಿನಲ್ಲಿ ಮತ್ತೆ ಅದೇ ಟೆಸ್ಟ್. ಒಂದು ಕಂಪ್ಯೂಟರ್, ಒಂದೇ ಕೇಬಲಿನ ಜಾಲದಲ್ಲಿ ಎರಡು ರೂಟರ್. ಕಂಪ್ಯೂಟರಿಗೆ ಗೊತ್ತಿರುವುದು ಮೊದಲನೆಯದು ಮಾತ್ರ. ಹತ್ತಿರದ ದಾರಿ ಎರಡನೆಯದರಲ್ಲಿ. ಮೊದಲ ರೂಟರ್, ನಾವು ಮಾರುವಂಥದ್ದು, ಬಂದ ಪ್ಯಾಕೆಟನ್ನು (ಮಾಹಿತಿಯ ತುಣುಕನ್ನು) ತಾನೇ ದಾಟಿಸಬೇಕು, ಜೊತೆಗೆ ಕಂಪ್ಯೂಟರಿಗೆ ಹೇಳಬೇಕು — ಮುಂದಿನ ಸಲ ನೇರ ಅಲ್ಲಿಗೇ ಹೋಗು. ಎರಡನ್ನೂ ಮಾಡಿದರೆ ಪಾಸ್. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅರ್ಧ ಆಯುಷ್ಯ ಕಳೆದವಳಿಗೆ ಇದೇನೂ ಹೊಸತಲ್ಲ. ಕಾಲ್ ಜೋಡಿಸಿಕೊಟ್ಟು, ಆಮೇಲೆ ಸರಿಯಾದ ನಂಬರ್ ಹೇಳುತ್ತಿದ್ದೆವು. ಈಗಿನ ಸರಕಾರಿ ಕೌಂಟರುಗಳಿಗೆ ಎರಡನೆಯ ಅರ್ಧ ಮಾತ್ರ ಬರುತ್ತದೆ — ಅಲ್ಲಿಗೆ ಹೋಗಿ.

ಟೆಸ್ಟ್ ಮಾಡುವ ಹುಡುಗಿ ನಾಗವೇಣಿ ಅದನ್ನು ಓಡಿಸಿದಳು. ಪಾಸ್. ಹೋದ ವಾರವೂ ಪಾಸ್. ವರದಿ ನಾನು ಟೈಪ್ ಮಾಡಿದೆ, ಅವಳು ಸಹಿ ಹಾಕಿದಳು.

ಫೆಬ್ರವರಿ 27, ಗುರುವಾರ

ನಾಗವೇಣಿಗೆ ಸಮಾಧಾನ ಇಲ್ಲ. ಪ್ಯಾಕೆಟ್‌ಗಳು ಎರಡನೆಯ ರೂಟರಿಗೇ ಹೋಗುತ್ತಿವೆ, ಸರಿ. ಆದರೆ ಅಲ್ಲಿಗೆ ಹೋಗು ಎಂದ ಸಂದೇಶ ಎಲ್ಲಿಯೂ ಕಾಣುವುದಿಲ್ಲವಂತೆ.

ಟೀಮ್ ಲೀಡ್ ಭೋಜ ನಕ್ಕ. "ಊಟ ಬಂದಿದೆ ಅಲ್ವಾ ಮಾರಾಯ್ತಿ. ಬಡಿಸಿದವರ ಹೆಸರು ಎಂತಕ್ಕೆ?"

"ಹೇಳದನ ಅದಕ್ಕ ದಾರಿ ಹೆಂಗ ಗೊತ್ತಾತ್ರಿ ಸರ್?"

ಭೋಜನಿಗೆ ಪುರುಸೊತ್ತಿಲ್ಲ. ಮುಂದಿನ ಶುಕ್ರವಾರ ರೂಟರ್ ಗಿರಾಕಿಗೆ ಹೋಗಬೇಕು. ಅದೂ ಅಲ್ಲದೆ ವರ್ಲ್ಡ್ ಕಪ್.

ಮಾರ್ಚ್ 3, ಸೋಮವಾರ, ಸಂಜೆ

ಸಿಕ್ಕಿತು... ನಗಬೇಕೋ ಅಳಬೇಕೋ.

ನಮ್ಮ ಮೇಜಿನ ಕಂಪ್ಯೂಟರುಗಳಲ್ಲಿ ಇಂಟರ್ನೆಟ್ ಇಲ್ಲ. ಲ್ಯಾಬಿನ ಎರಡನೆಯ ರೂಟರಿಗೆ ಇದೆ. ಕ್ರಿಕೆಟ್ ಸ್ಕೋರ್ ನೋಡಲು ಯಾರೋ ಟೆಸ್ಟ್ ಕಂಪ್ಯೂಟರಿನಲ್ಲಿ ಕೈಯಾರೆ ದಾರಿ ಬರೆದಿಟ್ಟಿದ್ದಾರೆ — ಎಲ್ಲವೂ ಎರಡನೆಯ ರೂಟರ್ ಮೂಲಕ. ಅಳಿಸಲು ಮರೆತಿದ್ದಾರೆ. ಅಂದರೆ ಆ ಕಂಪ್ಯೂಟರ್ ಮೊದಲ ರೂಟರನ್ನು ಕೇಳಿದ್ದೇ ಇಲ್ಲ. ನಾವು ಪಾಸ್ ಮಾಡಿದ್ದು ಸ್ಕೋರಿನ ದಾರಿಯನ್ನು!

ನಾಗವೇಣಿ ಅದನ್ನು ಅಳಿಸಿ ಮತ್ತೆ ಓಡಿಸಿದಳು. ಮೊದಲ ರೂಟರ್ ಪ್ಯಾಕೆಟ್ ದಾಟಿಸುತ್ತದೆ, ಬಾಯಿ ಮಾತ್ರ ಬಿಡುವುದಿಲ್ಲ. ಕಂಪ್ಯೂಟರ್ ಪ್ರತಿ ಸಲ ಸುತ್ತು ದಾರಿಯಲ್ಲೇ. ಫೇಲ್. ಅವಳೇ ಮೇಲ್ ಬರೆದು ಮ್ಯಾನೇಜರ್ ಪ್ಯಾಟ್ರಿಶಿಯಾಗೆ ತಿಳಿಸಿದಳು.

ಮಾರ್ಚ್ 4

ಪ್ಯಾಟ್ರಿಶಿಯಾ ಎಲ್ಲರನ್ನೂ ಕರೆದು, ಆ ದಾರಿ ಬರೆದವರು ಯಾರು ಎಂದು ಕೇಳಿದಳು. ಲಾಗಿನ್ ಎಲ್ಲರಿಗೂ ಒಂದೇ. ಭೋಜ ಕಿಟಕಿ ನೋಡಿದ. ಆ ಕಂಪ್ಯೂಟರಿನ ಮುಂದೆ ಕೂತು ಅವನು ಟೈಪ್ ಮಾಡಿದ್ದನ್ನು, ಸ್ಕೋರ್ ಬಂದಾಗ ಎಲ್ಲರೂ ಮುತ್ತಿಕೊಂಡದ್ದನ್ನು ನೋಡಿದ್ದೇನೆ. ಅದೇ ಇದು ಎಂದು ಈಗ ಹೊಳೆಯಿತು. ನಾನೂ ಅಲ್ಲೇ ಗೋಳಿಬಜೆ ತಿಂದೆ.

ಆಮೇಲೆ ನನ್ನನ್ನು ಒಬ್ಬಳನ್ನೇ ಒಳಗೆ ಕರೆದಳು. ಕೆಟ್ಟವಳಲ್ಲ. ಮೇಲಿನವರು ಒಂದು ಹೆಸರು ಕೇಳುತ್ತಿದ್ದಾರಂತೆ. "ಪಾಸ್ ಎಂದ ಕಡೆಯೆಲ್ಲ ನಾಗವೇಣಿಯ ಹೆಸರೇ ಉಂಟು, ಕಾನ್ಸೆಪ್ಟಾ ಆಂಟಿ. ನಾನು ಎಂತ ಮಾಡಲಿ?"

ನಾಗವೇಣಿಯ ಕಾಂಟ್ರಾಕ್ಟ್ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಅಪ್ಪ ಮಾನಪ್ಪ ಕೊಪ್ಪಳದಿಂದ ಬಂದು ಇಲ್ಲಿ ಗಾರೆ ಕೆಲಸ ಮಾಡಿದವರು. ಸೊಂಟ ಹಿಡಿದು ಹಿರಿಯಡ್ಕದ ಬಾಡಿಗೆ ಕೋಣೆಯಲ್ಲಿ ಮಲಗಿದ್ದಾರೆ. ಮನೆ ನಿಂತಿರುವುದು ಇವಳ ಕೆಲಸದ ಮೇಲೆ.

ಎಪ್ಪತ್ತೆಂಟರಲ್ಲಿ ನಮ್ಮ ಎಕ್ಸ್‌ಚೇಂಜಿನ ಆಪರೇಟರ್ ಬೇಬಿಗೆ ಹೀಗೆಯೇ ಮೆಮೊ ಕೊಟ್ಟರು. ತಪ್ಪು ಸೂಪರ್‌ವೈಸರನದು, ಹೆಸರು ಅವಳದು. ಯೂನಿಯನ್ನಿನವರು ಗೇಟಿನಲ್ಲಿ ಕೂಗಿದೆವು. ಬೇಬಿ ಮತ್ತೆ ಕೆಲಸಕ್ಕೆ ಬರಲಿಲ್ಲ. ಕೇಬಲ್ ಬದಲಾಯಿತು, ಯಂತ್ರ ಬದಲಾಯಿತು, ಇದೊಂದು ಬದಲಾಗಲಿಲ್ಲ!

ಮಾರ್ಚ್ 5, ವಿಭೂತಿ ಬುಧವಾರ

ಹಣೆಯ ಮೇಲೆ ಇಗರ್ಜಿಯ ಬೂದಿ. ಅದರೊಂದಿಗೇ ಕ್ಯಾಂಟೀನಿನಲ್ಲಿ ಭೋಜನ ಎದುರು ಕೂತೆ. ನೀನೇ ಹೇಳು, ಇಲ್ಲದಿದ್ದರೆ ನಾಳೆ ಸಂಜೆ ನಾನು ಹೇಳುತ್ತೇನೆ, ನಿನ್ನ ಬೆನ್ನ ಹಿಂದೆ ಹೋಗುವುದಿಲ್ಲ ಎಂದೆ. ಲೋಟ ತಿರುಗಿಸುತ್ತ ಹೇಳಿಕೊಂಡ — ಕಾರ್ಕಳದಲ್ಲಿ ತಂಗಿಯ ಮದುವೆ ನಿಶ್ಚಯ ಆಗಿದೆ. ಈಗ ಕೆಲಸಕ್ಕೆ ಏನಾದರೂ ಆದರೆ...

"ಬೇಕೆಂದು ಮಾಡಿದ್ದಲ್ಲ ಮೇಡಂ."

"ಗೊತ್ತುಂಟು. ಅದನ್ನೇ ಹೇಳು."

ಅವನ ಮೇಲೆ ಸಿಟ್ಟು ಉಳಿಯಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ನಾಗವೇಣಿಗೆ ಹೇಗೋ ಗೊತ್ತಾಗಿದೆ. ಬಸ್ ಸ್ಟಾಪಿಗೆ ಹಿಂದೆಯೇ ಬಂದಳು. "ಬ್ಯಾಡ್ರಿ ಮೇಡಂ. ಸ್ಕೋರ್ ನಾನೂ ನೋಡೀನಿ." ನೋಡುವುದು ಬೇರೆ, ಸಹಿ ಹೊರುವುದು ಬೇರೆ ಎಂದೆ. ಅವಳು ಒಪ್ಪಲಿಲ್ಲ.

ಮಾರ್ಚ್ 7, ಶುಕ್ರವಾರ, ಆಫೀಸಿನಲ್ಲಿಯೇ

ನಿನ್ನೆ ಸಂಜೆಯವರೆಗೆ ಕಾಯಬೇಕಾಗಲಿಲ್ಲ. ಬೆಳಿಗ್ಗೆಯೇ ಭೋಜ ಎಲ್ಲರಿಗೂ ಮೇಲ್ ಹಾಕಿದ — ದಾರಿ ಬರೆದವನು ನಾನು, ಹಿಡಿದವಳು ನಾಗವೇಣಿ. ಎರಡೇ ಸಾಲು. ಪ್ಯಾಟ್ರಿಶಿಯಾ ಬೈಯಲಿಲ್ಲ. ಅವನ ಕೈಯಿಂದ ಟೀಮ್ ಮಾತ್ರ ಹೋಯಿತು, ಕೆಲಸ ಉಳಿಯಿತು. ರೂಟರ್ ಇವತ್ತು ಹೋಗುವುದಿಲ್ಲ. ಗಿರಾಕಿಗೆ ಇದ್ದದ್ದನ್ನು ಇದ್ದ ಹಾಗೆ ತಿಳಿಸಿದ್ದಾರೆ.

ಆದರೆ ನಾಗವೇಣಿಯ ಬಗ್ಗೆ ಯಾರೂ ಏನೂ ಹೇಳಿಲ್ಲ. ಈಗ ಒಳಗೆ ಕರೆದಿದ್ದಾರೆ. ಬಾಗಿಲು ಹಾಕಿದೆ. ಭೋಜ ಮೂರನೆಯ ಸಲ ನೀರು ಕುಡಿಯಲು ಎದ್ದ. ನನಗೆ ಕೈ ಸುಮ್ಮನಿರುವುದಿಲ್ಲ, ಅದಕ್ಕೆ ಇಲ್ಲಿ ಗೀಚುತ್ತಿದ್ದೇನೆ. ಅವಳನ್ನು ತೆಗೆದುಹಾಕಿದರೆ ಪತ್ರಿಕೆಗೆ ಬರೆಯುತ್ತೇನೆ. ನನ್ನ ಹೆಸರು, ಕಾಪುವಿನ ವಿಳಾಸ ಹಾಕಿಯೇ...

ಬಾಗಿಲು ತೆರೆಯಿತು. ನನ್ನ ಮೇಜಿಗೇ ಬರುತ್ತಿದ್ದಾಳೆ. ಮುಖದಲ್ಲಿ ಏನೂ ಗೊತ್ತಾಗುವುದಿಲ್ಲ.

"ಇನ್ನೊಂದು ವರ್ಷ ಅಂತ್ರಿ ಮೇಡಂ. ಸೈನ್ ಮಾಡಬೇಕು, ಪೆನ್ ಕೊಡ್ರಿ."

ತಾಳು ಹುಡುಗಿ, ಇದೊಂದು ಸಾಲು ಬರೆದು ಕೊಡುತ್ತೇ—