ಖಂಡೇಪೂಜೆಯ ಬಣ್ಣ

ಹೆಬ್ಬಳ್ಳಿ,
12 ಅಕ್ಟೋಬರ್ 1998

ವಿದ್ಯಾಳ ಅಪ್ಪ ಅವರಿಗೆ, ನೀಲಾಳ ನಮಸ್ಕಾರ.

ನಿಮ್ಮ ಪತ್ರ ಮೊನ್ನೆ ಶನಿವಾರ ತಲುಪಿತು. ಮಗಳನ್ನು ಕರೆದುಕೊಂಡು ದೀಪಾವಳಿಯೊಳಗೆ ಧಾರವಾಡಕ್ಕೆ ಬಾ, ಅದಕ್ಕೂ ಮೊದಲು ನಿನ್ನ ತಮ್ಮನನ್ನು ಒಪ್ಪಿಸು ಎಂದಿದ್ದೀರಿ. ಶುಕ್ರವಾರ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಇಲ್ಲಿ ನನ್ನ ತವರಿಗೆ ಬಂದಾಗ, ತಾನೇ ತಪ್ಪು ವಾಲ್ವ್ ತಿರುಗಿಸಿದೆ ಎಂದು ಫಕೀರೇಶ ಹೇಳಬೇಕು. ಹೇಳಿದರೆ ಐಸ್ ಫ್ಯಾಕ್ಟರಿಯಲ್ಲಿ ನಿಮ್ಮ ಸೂಪರ್‌ವೈಸರ್ ಕೆಲಸ ಉಳಿಯುತ್ತದೆ. ಅವನು ಹೇಗಿದ್ದಾನೆಂದು ಮಾತ್ರ ಕೇಳಿಲ್ಲ. ನಾನೇ ತಿಳಿಸುತ್ತೇನೆ.

ಎರಡೂ ಕಣ್ಣು ಹಾಲು ಬಿದ್ದಂತೆ ಬೆಳ್ಳಗಾಗಿವೆ. ಬೆಳಕು, ಕತ್ತಲೆ ಗೊತ್ತಾಗುತ್ತದೆ, ಮುಖ ಗೊತ್ತಾಗುವುದಿಲ್ಲ. ಅಮೋನಿಯಾ ಅನಿಲಕ್ಕೆ ಗಂಟಲು ಒಳಗೆಲ್ಲ ಸುಟ್ಟಿದೆ. ಅವ್ವ ಗಂಜಿ ಆರಿಸಿ ಚಮಚದಲ್ಲಿ ಹಾಕುತ್ತಾಳೆ, ಅರ್ಧ ಕೆಮ್ಮಿನೊಡನೆ ಹೊರಗೆ ಬರುತ್ತದೆ. ಮಲಗಿದರೆ ಉಸಿರು ಸಿಗದು, ಗೋಡೆಗೆ ಒರಗಿ ಕೂತೇ ನಿದ್ದೆ. ಐಸಿಗೆ ಕಟ್ಟಿಗೆ ಹೊಟ್ಟು ಹಾಕುತ್ತಿದ್ದ ದಾನವ್ವ ಬಾಗಿಲ ಬಳಿ ಇದ್ದದ್ದರಿಂದ ಜೀವ ಉಳಿಸಿಕೊಂಡಳು. ಈಗ ಒಂದು ಕೊಡ ನೀರು ಎತ್ತಲಾರಳು.

ಅಂದು, ದಸರೆಯ ಹಿಂದಿನ ದಿನದ ಖಂಡೇಪೂಜೆಗೆ, ನಾನೂ ಅಲ್ಲಿದ್ದೆ ಎಂಬುದನ್ನು ಮರೆತಿದ್ದೀರಿ. ಹೋಳಿಗೆಯ ಬುಟ್ಟಿ ಹೊತ್ತು ಲಕಮನಹಳ್ಳಿಯ ಫ್ಯಾಕ್ಟರಿಗೆ ಬಂದವಳು ನಾನು, ಯಂತ್ರಕ್ಕೆ ಕುಂಕುಮ ಹಚ್ಚಿದವಳೂ ನಾನೇ. ಪ್ರತಿ ಖಂಡೇಪೂಜೆಗೆ ಮಾಲೀಕರು ಅಮೋನಿಯಾ ಪೈಪುಗಳಿಗೆಲ್ಲ ಬೆಳ್ಳಿ ಬಣ್ಣ ಹೊಡೆಸುತ್ತಿದ್ದರು. ಒತ್ತಡ ಹೆಚ್ಚಾದರೆ ತಾನಾಗಿ ತೆರೆದು ಅನಿಲವನ್ನು ಮೇಲಕ್ಕೆ ಬಿಡಬೇಕಾದ ವಾಲ್ವಿಗೂ ವರ್ಷ ವರ್ಷ ಬಣ್ಣ ಮೆತ್ತಿ ಅದು ಕಚ್ಚಿಕೊಂಡಿತ್ತು. ಅಂದು ಯಂತ್ರ ನಡೆಸುವ ಫಕೀರೇಶ ನಿಮಗೆ ನಗುತ್ತಲೇ ಹೇಳಿದ: "ಮಾವಾರ, ಮಾರಿಗೆ ಪೌಡರ್ ಹಚ್ಚೂ ಭರದಾಗ ಇದರ ಮೂಗ ಮುಚ್ಚೀರಿ. ಇವತ್ತ ಚಾಲೂ ಮಾಡೂದು ಬ್ಯಾಡ್ರಿ."

ನೀವು ಅಂದಿರಿ: "ಪೂಜಿ ದಿನಾ ಅಪಶಕುನ ನುಡೀಬ್ಯಾಡೋ."

ಕಾಯಿ ಒಡೆದ ಕೂಡಲೇ ಯಂತ್ರ ಓಡಬೇಕು. ಅದು ಮಾಲೀಕರ ಮನೆತನದ ಪದ್ಧತಿ. ಗುಂಡಿ ಒತ್ತು ಎಂದು ಅವನಿಗೆ ಹೇಳಿದವರು ನೀವು. ಒತ್ತಡ ತಾಳದೆ ಪೈಪಿನ ಜೋಡಣೆ ಅವನ ಮುಖದೆದುರೇ ಬಿರಿಯಿತು. ನನ್ನ ಕೈ ಹಿಡಿದು ಹೊರಗೆ ಎಳೆದಿರಿ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒದ್ದೆ ಗೋಣಿಚೀಲ ಹೊದ್ದು ಫಕೀರೇಶನನ್ನು ತರಲು ಒಳಗೆ ಹೋದವನು ಪಕ್ಕದ ಗ್ಯಾರೇಜಿನ ಗೌಸಮೊದ್ದೀನ. ಆ ಹೊತ್ತಿಗೆ ನೀವು ಮಾಲೀಕರ ಕಾರಿಗೆ ದಾರಿ ಬಿಡಿಸುತ್ತಿದ್ದಿರಿ.

ಶುಕ್ರವಾರ ನೀವೇ ಬಂದು ಇದನ್ನೆಲ್ಲ ಹೇಳಿದರೆ ನಾನು ಸುಮ್ಮನಿರುತ್ತೇನೆ. ಬಾರದಿದ್ದರೆ ಕಂಡದ್ದನ್ನೂ ಕೇಳಿದ್ದನ್ನೂ ನಾನೇ ಹೇಳುತ್ತೇನೆ. ಅಪಶಕುನದ ಮಾತೂ ಅದರಲ್ಲಿ ಇರುತ್ತದೆ. ದೀಪಾವಳಿಗೆ ನಮ್ಮ ದಾರಿ ನೋಡಬೇಡಿ.

ಇಂತಿ,
ಫಕೀರೇಶನ ಅಕ್ಕ
ನೀಲಾ

ತಾ.ಕ.: ನಿಮ್ಮ ಪತ್ರ ಬಂದ ದಿನ ಫಕೀರೇಶ ಓದಿ ಹೇಳು ಎಂದ. ನಿಮ್ಮ ಅಕ್ಷರ ನೋಡುತ್ತ ಬೇರೆಯದನ್ನೇ ಓದಿದೆ: ತಪ್ಪು ನನ್ನದು, ಅವನ ಮಾತು ಕೇಳಬೇಕಿತ್ತು, ಶುಕ್ರವಾರ ಬಂದು ಹಾಗೇ ಹೇಳುತ್ತೇನೆ ಎಂದು. ಅವನು ಇದ್ದಷ್ಟು ದನಿಯಲ್ಲಿ, "ನಾ ಹೇಳಿದ್ನಿಲ್ಲೇನಬೇ ಅಕ್ಕಾ, ಮಾವ ಖರೇ ಮನಶ್ಯಾ" ಅಂದ. ದಸರೆಯಂದು ಆಸ್ಪತ್ರೆಯಲ್ಲಿ ಅವ್ವ ಕೈಗಿಟ್ಟ ಬನ್ನಿಯಲ್ಲಿ ಒಂದು ಸಣ್ಣ ಟಿಸಿಲನ್ನು, ನೀವು ನೋಡಲು ಬಂದಾಗ ಕೊಡಬೇಕೆಂದು ತೆಗೆದಿಟ್ಟಿದ್ದನಂತೆ. ಒಣಗಿದೆ. ಈ ಲಕೋಟೆಯಲ್ಲಿ ಹಾಕಿಸಿದ್ದಾನೆ. ಬನ್ನಿ ಕೊಡುವಾಗ ಅನ್ನುವಂತೆ, ಬಂಗಾರದಂಗ ಇರೂಣು ಅಂತ ಬರಿ ಎಂದ. ಬರೆದಿದ್ದೇನೆ.