ಬೇಲಿ ಬಳಿಯ ಬೈಗುಳ

ಜೂನ್ ೫

ಮತ್ತೆ ಚೀಸ್ ಕಡಾಯಿ ತಳ ಹಿಡಿಯಿತು. ಕಲಕುತ್ತಿರು ಅಂತ ಟೂರಾಳಿಗೆ ಹೇಳಿದ್ದೆ. ಮಗಳು ಕಿಟಕಿಯಲ್ಲಿ ನಿಂತು ಕೆಳಗಿನ ಊರಿನ ದಾರಿ ನೋಡುತ್ತಿದ್ದಳು — ಆ ಸೀವರ್ಟ್ ಬರುತ್ತಾನೇನೋ ಅಂತ.

ಸಂಜೆ ನೆಲಮಾಳಿಗೆಯಲ್ಲಿ, ಬಾಗಿಲು ಹಾಕಿಕೊಂಡು, ಹಸುಗಳನ್ನು ಕೂಗುವ ಈ ವರ್ಷದ ಹೊಸ ಕರೆಯ ಅಭ್ಯಾಸ. ಕೊನೆಯಲ್ಲಿ ರಾಗ ಏರಬೇಕು, ಟೂರಾ ಇಳಿಸುತ್ತಾಳೆ. ಬೇಲಿಯಾಚೆಯ ಕಾಡು ಕೇಳಿದ್ದನ್ನೆಲ್ಲ ಕಲಿತುಬಿಡುತ್ತದೆ. ಆಮೇಲೆ ನಮ್ಮದೇ ದನಿಯಲ್ಲಿ ನಮ್ಮ ಹಸುಗಳನ್ನು ಒಳಗೆ ಕರೆಯುತ್ತದೆ. ಅದಕ್ಕೇ ಪ್ರತಿ ಮನೆಯೂ ವರ್ಷಕ್ಕೊಮ್ಮೆ ಕರೆ ಬದಲಿಸುವುದು. ಬೇಲಿಯ ಹತ್ತಿರ ಮಾತಂತೂ ಆಡುವಂತೆಯೇ ಇಲ್ಲ. ಹಾಕನ್ ಮುದುಕ ಅಲ್ಲಿ ನಿಂತು ಹೆಂಡತಿಗೆ ಬೈದದ್ದನ್ನು ಕಾಡು ಇವತ್ತಿಗೂ ಹೇಳುತ್ತದೆ. ಪಾಪ, ಇಬ್ಬರೂ ಸತ್ತು ಎಷ್ಟೋ ಕಾಲವಾಯಿತು.

ಜೂನ್ ೧೪

ಈ ಸಲ ಬೇಗ ಕಲಿತಿದೆ. ಮಧ್ಯಾಹ್ನ ಬೇಲಿಯಾಚೆ ನನ್ನದೇ ಕರೆ — ನಾನು ಇಲ್ಲಿ ಬೆಣ್ಣೆ ಕಡೆಯುತ್ತಾ ಕೂತಿದ್ದೆ! ಎದ್ದು ಓಡಿದೆ. ಬಿಳಿ ಕಡಸು ಬೇಲಿ ಹಾರಿ ಹೋಗಿತ್ತು. ಅದರ ಹಿಂದೆ ಟೂರಾ. ಮರಗಳ ಸಂದಿಯಲ್ಲಿ ಅವಳ ತಲೆವಸ್ತ್ರ ಕಂಡಿತು, ಆಮೇಲೆ ಕಾಣಲಿಲ್ಲ.

ಒಂದು ಕಡಸಿಗಾಗಿ. ದಡ್ಡಿ!

ಜೂನ್ ೧೫

ಕಾಡಿನೊಳಗೆ ದಾರಿ ಇದ್ದಲ್ಲಿ ಇರುವುದಿಲ್ಲ. ಹೊರಗಿನ ದನಿ ಹಿಡಿದುಕೊಂಡೇ ಬರಬೇಕು. ಬೆಳಿಗ್ಗೆಯಿಂದ ಕರೆದೆ. ಕಾಡು ಅದನ್ನೇ ಎಲ್ಲ ದಿಕ್ಕಿನಿಂದ ಕರೆಯಿತು.

ಊರ ಹೆಂಗಸರೆಲ್ಲ ಬಂದರು. "ನಮ್ಮನೆ ಕರೆ ಕಾಡಿಗೆ ಇನ್ನೂ ಬರಲ್ಲ ಯೋಲಿನಕ್ಕ, ಟೂರಾಗೂ ಗೊತ್ತು. ನಾನ್ ಕರೀತೀನಿ ಇರು," ಅಂದಳು ಪಕ್ಕದ ಮನೆಯ ಬೂಯೆಲ್. ಅವಳಾದ ಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಯಾರೂ ತಡೆಯಲಿಲ್ಲ, ನಾನೂ ತಡೆಯಲಿಲ್ಲ. ಸಂಜೆಯ ಹೊತ್ತಿಗೆ ಊರಿನ ಎಲ್ಲ ಕರೆಗಳೂ ಕಾಡಿನ ಬಾಯಲ್ಲಿ! ಒಂದೂ ನಮಗಾಗಿ ಉಳಿಯಲಿಲ್ಲ.

ಬೂಯೆಲ್ ನನ್ನ ಹೆಗಲ ಮೇಲೆ ತಲೆ ಇಟ್ಟು ಅತ್ತಳು. ಒಳ್ಳೆಯದು ಮಾಡಲು ಬಂದವಳು. ಏನಂತ ಅನ್ನಲಿ.

ಜೂನ್ ೧೮

ಹೊಸ ಕರೆ ಕಟ್ಟಬಹುದು. ಆದರೆ ಟೂರಾ ಅದನ್ನು ಕೇಳಿಲ್ಲ. ಗೊತ್ತಿಲ್ಲದ ಕರೆಯ ಕಡೆ ಹೆಜ್ಜೆ ಇಡಬೇಡ ಅಂತ ಚಿಕ್ಕಂದಿನಿಂದ ಹೇಳಿಕೊಟ್ಟವಳು ನಾನೇ.

ಪೋವೆಲ್ ಬಂದ. ಊರ ಮುಖಂಡ ಅವನು, ಬೇಲಿಯ ಜವಾಬ್ದಾರಿ ಅವನದು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ, ಸಾವಿನ ಮನೆಗೆ ಬಂದ ಹಾಗೆ. ಮೈಯೆಲ್ಲ ಉರಿಯಿತು.

"ಅಕ್ಕ, ಕಾಡಿನ ಕರೆ ಕೇಳಿ ಊರಿನ ಹಸುಗಳೆಲ್ಲ ಹಗ್ಗ ಕಿತ್ಕೋತಿವೆ. ಭಾನುವಾರ ಬೇಲಿ ಹಿಂದಕ್ಕೆ ಹಾಕ್ತೀವಿ. ಹುಲ್ಲುಗಾವಲು ಬಿಟ್ಟುಕೊಡ್ಬೇಕು."

"ಬಿಟ್ಟುಕೊಟ್ರೆ ಅದೂ ಕಾಡಾಗತ್ತೆ. ನನ್ ಮಗಳು ಎಲ್ಲಿಂದ ಹೊರಗ್ ಬರ್ತಾಳೋ?"

ಟೋಪಿ ಹಾಕಿಕೊಂಡ.

"ಕಾಫಿ ಕುಡಿದು ಹೊರಡು. ಭಾನುವಾರ ಇನ್ನೂ ಬಂದಿಲ್ಲ," ಅಂದೆ.

ಅದೇ ದಿನ, ಸಂಜೆ

ಕಸ ಗುಡಿಸುತ್ತಿದ್ದೆ. ಬೆಂಚಿನ ಕೆಳಗೆ ಟೂರಾಳ ಎಂಜಲು ಬಟ್ಟಲು. ಗಟ್ಟಿಯಾಗಿ ಬೈದುಬಿಟ್ಟೆ, ಅವಳು ಎದುರಿಗೇ ಇರುವ ಹಾಗೆ. ಬೈದವಳು ಅಲ್ಲೇ ಕೂತುಬಿಟ್ಟೆ.

ಕಾಡು ಕೇಳಿದ್ದನ್ನೇ ಹೇಳುತ್ತದೆ. ಹೊಸದನ್ನು ಹೇಳಲು ಅದಕ್ಕೆ ಬಾರದು. ನಾನು ದಿನವಿಡೀ ಬೈಯಬಲ್ಲೆ, ಒಂದನ್ನೂ ಎರಡನೇ ಸಲ ಹೇಳದೆ. ಹಳೇ ಬೈಗುಳ ಎಲ್ಲಿಂದ ಬಂದರೂ ಅದು ಕಾಡು. ಹೊಸ ಬೈಗುಳ ಎಲ್ಲಿಂದಲೋ, ಅಲ್ಲಿ ಅಮ್ಮ. ದಡ್ಡಿ ಅಂದೆನಲ್ಲ… ದಡ್ಡಿಯಲ್ಲ ಅವಳು. ತಿಳಿದುಕೊಳ್ಳುತ್ತಾಳೆ.

ಮಾನ ಹೋಗುತ್ತದೆ. ನಾನು ಸತ್ತ ಮೇಲೂ ಕಾಡು ನಮ್ಮ ಮನೆಯ ಗುಟ್ಟನ್ನೆಲ್ಲ ಸಾರುತ್ತಿರುತ್ತದೆ. ಸಾರಲಿ.

ಜೂನ್ ೧೯

ಬೇಲಿಯ ಬಳಿ ನಿಂತು ಶುರು ಮಾಡಿದೆ.

"ಲೇ ಟೂರಾ! ನನ್ ಹೊಸ ಕಾಲುಚೀಲ ಕದ್ದು ಹಾಕ್ಕೊಂಡು, ಕುಣಿದು ಹರ್ಕೊಂಡ್ ಬಂದೋಳು ನೀನಲ್ವೇನೇ? ಮೈಗಳ್ಳಿ! ನಿನ್ನ ಹಾಸಿಗೆಯಿಂದ ಎಬ್ಬಿಸೋಕೆ ಎತ್ತು ಕಟ್ಟಿ ಎಳೀಬೇಕು!"

ಹೆಂಗಸರು ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡರು. ಗೂಟ ಕೆತ್ತುತ್ತಿದ್ದ ಗಂಡಸರ ಕೊಡಲಿ ನಿಂತಿತು. ಬಲಗಡೆಯಿಂದ ಕಾಡು "ಮೈಗಳ್ಳಿ" ಅಂದಿತು. ಅಷ್ಟರಲ್ಲಿ ನಾನು ಸೀವರ್ಟ್‌ನ ವಿಷಯಕ್ಕೆ ಬಂದಿದ್ದೆ.

"ಆ ನಿನ್ ಸೀವರ್ಟ್ ಬಾವಿ ನೀರಲ್ಲಾದ್ರೂ ಮುಖ ನೋಡ್ಕೊಂಡಿದಾನಾ? ಬೇಯಿಸಿದ ಗೆಡ್ಡೆ ಇದ್ದಂಗಿದಾನೆ!"

ಅವನು ಅಲ್ಲೇ ಹಿಂದೆ ನಿಂತಿದ್ದಾನೆ! ಅಳುತ್ತಿದ್ದ. "ಇನ್ನೂ ಬೈರಿ ಅತ್ತೆ, ನಿಲ್ಲಿಸ್ಬೇಡಿ," ಅಂದ.

ಅತ್ತೆ ಅಂತೆ. ಧೈರ್ಯ ನೋಡು!

ಜೂನ್ ೨೧, ಭಾನುವಾರ

ಗಂಟಲು ಒಡೆದಿದೆ. ಬೂಯೆಲ್ ಬಿಸಿ ಹಾಲು ಕೊಡುತ್ತಲೇ ಇದ್ದಾಳೆ. ಬೈಗುಳ ಖಾಲಿ. ಬೆಳಿಗ್ಗೆ ಇನ್ನೇನೂ ತೋಚದೆ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದೆ. "ನೀನಿಲ್ದೆ ಗಂಜಿ ಗಂಟಲಲ್ಲಿ ಇಳೀತಿಲ್ಲ ಕಣೆ. ನೀನು ಹೊಟ್ಟೇಲಿದ್ದಾಗ ಎಲ್ಲಾರೂ ಗಂಡಾಗ್ಲಿ ಅಂದ್ರು. ನಾನೊಬ್ಳೇ ಹೆಣ್ಣಾಗ್ಲಿ ಅಂತ ಹಟ ಹಿಡಿದಿದ್ದೆ." ಇದನ್ನು ಯಾರಿಗೂ ಹೇಳಿರಲಿಲ್ಲ. ಯಾರೂ ನಗಲಿಲ್ಲ.

ಪೋವೆಲ್ ಗಂಡಸರನ್ನು ಕರೆದುಕೊಂಡು ಬಂದ. ಗೇಟಿನ ಪಕ್ಕದ ಗೂಟಕ್ಕೆ ಕೈ ಹಾಕಿದ. ಆ ಗೂಟಕ್ಕೇ ಬೆನ್ನು ಕೊಟ್ಟು ಕೂತಿದ್ದೇನೆ. "ನನ್ನ ಸಮೇತ ಕಿತ್ಕೊಂಡ್ ಹೋಗು," ಅಂದೆ. ಈ ದಿನಚರಿ ಪುಸ್ತಕ ತೊಡೆಯ ಮೇಲಿದೆ. ಗಂಟಲಿಗೆ ಸ್ವಲ್ಪ ಬಿಡುವು. ಮುಂದೆ ಏನು ಹೇಳಲಿ… ಕಾಡು ಗಂಜಿ, ಗಂಜಿ ಅನ್ನುತ್ತಿದೆ…

ದನಿ! ಟೂರಾಳದು.

"ಅಮ್ಮಾ, ಬಾಯ್ಮುಚ್ಚೇ! ಊರೆಲ್ಲ ಕೇಳ್ತಿದೆ!"

"ನಂಬ್ಬೇಡ ಅಕ್ಕ," ಅಂದ ಪೋವೆಲ್. "ಯಾವಾಗ್ಲೋ ಒಳಗೆ ಅಂದಿರ್ತಾಳೆ. ಈಗ ಕಾಡು ಹೇಳ್ತಿದೆ."

ಇರಬಹುದು. ಇದ್ದ ದನಿಯನ್ನೆಲ್ಲ ಸೇರಿಸಿ ಕೂಗಿದೆ: "ಯಾರಿಗೇ ಬಾಯ್ಮುಚ್ಚು ಅಂತೀಯ? ಇಲ್ಲಿ ಪೋವೆಲ್ ಗೂಟ ಕೀಳೋಕ್ ಬಂದಿದಾನೆ!"

ಎಲ್ಲರೂ ಕಾಡಿನ ಕಡೆ ತಿರುಗಿದರು.

"ಗೂಟ ಮುಟ್ಟಿದ್ರೆ ಕೈ ಮುರೀತೀನಿ ಅಂತ ಹೇಳು ಆ ಪೋವೆಲ್‌ಗೆ!"

ಎದುರುತ್ತರ! ಕಾಡಿಗೆ ಎದುರುತ್ತರ ಕೊಡಲು ಬರುವುದಿಲ್ಲ. ಅದು ನನ್ನ ಮಗಳಿಗೇ ಬರುವುದು. ಪೋವೆಲ್ ಕೈ ತೆಗೆದ. ಗೇಟಿನ ಅಗಳಿ ಬಿಗಿದುಕೊಂಡಿದೆ, ಬೂಯೆಲ್ ಎಳೆಯುತ್ತಿದ್ದಾಳೆ, ನಾನೂ ಎದ್ದು—